ವೆಜ್ ಊರಿನಲ್ಲಿ ಸೊಪ್ಪು ಹುಡುಕುತ್ತ

ಬಾಡಿಗೆ ಮನೆ
ಮುಂಬೈಯ ಏಜೆಂಟ್ ನನ್ನ ಹೆಸರು ಕೇಳುವ ಮೊದಲೇ ಕೇಳಿದ್ದು, "ವೆಜ್ ಹೈ ನಾ?" ಹೌದೆಂದೆ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಮೀನು ತಿನ್ನುವವರಿಗೆ ಮನೆ ಕೊಡದ ಸೊಸೈಟಿಗಳು ಈ ಊರಿನಲ್ಲಿವೆ. ಮೀನುಗಾರರೇ ಮೊದಲ ಒಕ್ಕಲಾಗಿದ್ದ ಊರಿನಲ್ಲಿ ಇದು ಹೇಗೆ ಬಂತೋ! ಶಿರಸಿ ಕಡೆಯ ಮನೆಯಲ್ಲಿ ಹುಟ್ಟಿದ್ದಷ್ಟೇ ನನ್ನ ಅರ್ಹತೆ. ಅದಕ್ಕೆ ಸಿಕ್ಕ ಈ ಸವಲತ್ತಿಗೆ ಖುಷಿಪಡಬೇಕೋ ಮುಜುಗರಪಡಬೇಕೋ ತಿಳಿಯಲಿಲ್ಲ.

ಮೊದಲ ಸಂಜೆಯ ಲೆಕ್ಕ
ಗಲ್ಲಿಗೊಂದು "ಪ್ಯೂರ್ ವೆಜ್" ಬೋರ್ಡು. ಇಲ್ಲಿ ಉಪವಾಸ ಬೀಳುವ ಭಯವಿಲ್ಲ ಅಂದುಕೊಂಡೆ. ರಾತ್ರಿ ಕೂತು ದಿನವಿಡೀ ಹೊಟ್ಟೆಗೆ ಹೋದದ್ದನ್ನು ಬರೆದೆ: ಮೈದಾ, ಆಲೂಗಡ್ಡೆ, ಕಡಲೆಹಿಟ್ಟು, ಬೆಣ್ಣೆ, ಸೇವ್. ಹಸಿರು ಅಂತ ಇದ್ದದ್ದು ವಡಾಪಾವಿನ ಜೊತೆ ಕೊಟ್ಟ ಹುರಿದ ಮೆಣಸಿನಕಾಯಿ ಮಾತ್ರ. ಫೋನಿನಲ್ಲಿ ಆಯಿ ಕೇಳಿದಳು, "ಊಟಕ್ಕೆ ಎಂತ ಇತ್ತೇ ಕೂಸೆ?" ಹಿತ್ತಲಿಗೆ ಹೋಗಿ ಹರಿವೆ ಕಿತ್ತು ತರುವವಳಿಗೆ ಈ ಪಟ್ಟಿ ಓದಿ ಹೇಳುವ ಧೈರ್ಯ ಬರಲಿಲ್ಲ.

ಆಲೂಗಡ್ಡೆಯೇ ಯಾಕೆ?
1966ರಲ್ಲಿ ದಾದರ್ ಸ್ಟೇಷನ್ ಹೊರಗೆ ಅಶೋಕ್ ವೈದ್ಯ ಎಂಬುವರು ವಡಾಪಾವ್ ಮಾರಲು ಶುರುಮಾಡಿದರು ಎಂದು ಇಲ್ಲಿಯವರು ಹೇಳುತ್ತಾರೆ. ಆಗ ಸುತ್ತಮುತ್ತಲೆಲ್ಲ ಬಟ್ಟೆ ಗಿರಣಿಗಳು. ಪಾಳಿಗೆ ಓಡುವವನಿಗೆ ನಿಂತಲ್ಲೇ, ಒಂದೇ ಕೈಯಲ್ಲಿ ತಿಂದು ಮುಗಿಸುವಂಥದ್ದು ಬೇಕಿತ್ತು. ಅಷ್ಟು ಅರ್ಥವಾಗುತ್ತದೆ. ಗಾಡಿಯವನ ಕಡೆಯಿಂದ ನೋಡಿದಾಗ ಇನ್ನೊಂದು ಕಾರಣ ಹೊಳೆಯಿತು. ಆಲೂಗಡ್ಡೆ ಮೂಟೆಯಲ್ಲಿ ಬರುತ್ತದೆ, ವಾರವಾದರೂ ಬಾಡುವುದಿಲ್ಲ, ಬೇಯಿಸಿದರೆ ಸಿಪ್ಪೆ ತಾನೇ ಬಿಡುತ್ತದೆ. ಮೆಂತ್ಯ ಸೊಪ್ಪಾದರೆ ಬೇರು ಕತ್ತರಿಸಿ, ಎಲೆ ಬಿಡಿಸಿ, ಮಣ್ಣು ತೊಳೆದು, ಸಂಜೆಯೊಳಗೆ ಖರ್ಚು ಮಾಡಬೇಕು. ಬಾಡುವ ಸರಕನ್ನು ಅಗ್ಗದ ಅಂಗಡಿ ಮುಟ್ಟುವುದಿಲ್ಲ.

ನಮ್ಮವರ ಹೋಟೆಲು
ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು ಕುಂದಾಪುರದ ಕಡೆಯವರು. ಮೆನುವಿನಲ್ಲಿ ಪಾವ್‌ಭಾಜಿ, ಸೆಜ್ವಾನ್ ದೋಸೆ, ಪನೀರಿನ ಹತ್ತಾರು ಅವತಾರ. "ಒಂದು ಸೊಪ್ಪಿನ ಪಲ್ಯ ಇಡಬಾರದಾ?" ಎಂದೆ. "ಸೊಪ್ಪು ಹೆರ್ಕುಕೆ ಜನ ಎಲ್ಲಿತ್ತ್ ಮಾರಾಯ್ರೆ? ಪನೀರಾದ್ರೆ ಕೊಯ್ದ್ರೆ ಆಯ್ತ್" ಅಂದರು. ಗಾಡಿಯವನ ಬಗ್ಗೆ ಊಹಿಸಿದ್ದನ್ನು ಇವರು ಬಾಯಿಬಿಟ್ಟೇ ಹೇಳಿದರು.

ಸ್ಯಾಂಡ್‌ವಿಚ್ ಗಾಡಿ
"ರೆಗ್ಯುಲರ್ ಯಾ ಜೈನ್?" ಜೈನ್ ಅಂದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ್ದು. ಜೈನ್ ಪಾವ್‌ಭಾಜಿಯಲ್ಲಿ ಆಲೂಗಡ್ಡೆಯ ಜಾಗಕ್ಕೆ ಬಾಳೆಕಾಯಿ ಬರುತ್ತದೆ. ತರಕಾರಿ ತಿನ್ನುವ ಆಸೆಯಿಂದ ನಾನೂ ಒಮ್ಮೊಮ್ಮೆ ಜೈನ್ ಆಗುತ್ತೇನೆ. ಗಾಡಿಯವನು ಜಾತಿ ಕೇಳುವುದಿಲ್ಲ.

ಮಾಟುಂಗಾ
ಇಲ್ಲಿಯ ಮಾರ್ಕೆಟ್ಟಿನಲ್ಲಿ ಬಾಳೆದಿಂಡು, ಬಾಳೆಹೂವು, ಬೂದುಗುಂಬಳ, ಮಂಗಳೂರು ಸೌತೆ, ಊಟದ ಎಲೆ ಎಲ್ಲ ಸಿಗುತ್ತವೆ. ಸ್ಟೇಷನ್ ಪಕ್ಕದ ಮಹಡಿಯ ಮೇಲೆ, 1942ರಲ್ಲಿ ಎ. ರಾಮ ನಾಯಕ್ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಎಲೆಯ ಮೇಲೆ ಪಲ್ಯ, ಸಾರು, ಸಾಂಬಾರು ನೋಡಿ ಹಸಿವು ಇಮ್ಮಡಿಯಾಯಿತು. ತರಕಾರಿ ಹೆಚ್ಚುವ ಕೈಗಳನ್ನು ಇಟ್ಟುಕೊಂಡ ಹೋಟೆಲುಗಳು ಇಲ್ಲದೆ ಇಲ್ಲ. ಆದರೆ ನನ್ನ ಮನೆ ದೂರದ ಡೊಂಬಿವಲಿಯಲ್ಲಿದೆ. ಲೋಕಲ್ ರೈಲಿನ ನೂಕುನುಗ್ಗಲನ್ನು ಊಟದ ಬೆಲೆಗೆ ಸೇರಿಸಿದರೆ ಅದು ಹಬ್ಬದ ಊಟವಾಗುತ್ತದೆ, ದಿನದ ಊಟವಾಗುವುದಿಲ್ಲ.

ದಾದರ್, ಬೆಳಗಿನ ಜಾವ
ನಾಸಿಕ್, ಪುಣೆ ಕಡೆಯ ತರಕಾರಿ ರಾತ್ರಿಯಿಡೀ ಪಯಣಿಸಿ ವಾಶಿಯ ಎಪಿಎಂಸಿಗೆ ಬರುತ್ತದೆ. ಅಲ್ಲಿಂದ ಟೆಂಪೋದಲ್ಲಿ ಊರೊಳಗೆ. ದಾದರ್‌ನಲ್ಲಿ ಬೆಳಕು ಹರಿಯುವ ಮೊದಲೇ ಸಗಟು ವ್ಯಾಪಾರ ಜೋರಾಗಿರುತ್ತದೆ. ಅದೇ ಸಬ್ಬಸಿಗೆ ಕಟ್ಟು ಹತ್ತು ಗಂಟೆಗೆ ನಮ್ಮ ಗಲ್ಲಿಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ, ಎಲೆ ಇಳಿದಿರುತ್ತದೆ. ರಾತ್ರಿ ಸ್ಟೇಷನ್ ಹೊರಗೆ ಬೆಲೆ ಮತ್ತೆ ಬೀಳುತ್ತದೆ, ಆ ಹೊತ್ತಿಗೆ ಸೊಪ್ಪೂ ತಲೆ ಬಾಗಿಸಿರುತ್ತದೆ. ಅಗ್ಗವೂ ತಾಜಾವೂ ಒಟ್ಟಿಗೆ ಬೇಕೆಂದರೆ ನಸುಕಿನಲ್ಲಿ ಏಳಬೇಕು. ಹಾಗೆ ಏಳಬಲ್ಲವರು ಯಾರು? ಮಾರುವವರು ಮಾತ್ರ.

ಹತ್ತು ರೂಪಾಯಿ ಮಸಾಲ
"ದಸ್ ಕಾ ಮಸಾಲಾ" ಅಂದರೆ ಒಂದು ತುಂಡು ಶುಂಠಿ, ನಾಲ್ಕು ಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಎಲ್ಲ ಸೇರಿ ಚೀಲಕ್ಕೆ ಬೀಳುತ್ತವೆ. ಒಬ್ಬಳೇ ಇರುವವಳಿಗೆ ಸರಿಯಾದ ಅಳತೆ. ಒಂಟಿ ಜೀವಗಳ ಅಡುಗೆ ಈ ಊರಿಗೆ ಎಂದಿನಿಂದಲೂ ಗೊತ್ತಿರಬೇಕು.

ರೈಲಿನ ಕಿಟಕಿ
ಹಳಿಗಳ ಪಕ್ಕದಲ್ಲೇ ಪಾಲಕ್, ಕೆಂಪು ಹರಿವೆ, ಬೆಂಡೆಯ ಮಡಿಗಳು. ರೈಲ್ವೆ ತನ್ನ ಖಾಲಿ ಜಾಗವನ್ನು "ಗ್ರೋ ಮೋರ್ ಫುಡ್" ಎಂಬ ಯೋಜನೆಯಲ್ಲಿ ಬೆಳೆಗೆ ಕೊಡುತ್ತ ಬಂದಿತ್ತು. ನೋಡಲು ಇಷ್ಟು ಹಸಿರಾದದ್ದು ಊರಲ್ಲಿ ಬೇರೆಲ್ಲೂ ಇಲ್ಲ. ಆದರೆ ಇದಕ್ಕೆ ಹರಿಯುವುದು ಚರಂಡಿ ನೀರು ಎಂಬ ದೂರು ಬಹಳ ಹಳೆಯದು. ಎಲ್ಲಕ್ಕಿಂತ ಹತ್ತಿರ ಬೆಳೆದ, ಎಲ್ಲಕ್ಕಿಂತ ತಾಜಾ ಸೊಪ್ಪನ್ನೇ ಎಲ್ಲಕ್ಕಿಂತ ಅನುಮಾನದಿಂದ ನೋಡಬೇಕಾಗಿದೆ. ಬುಟ್ಟಿಯಲ್ಲಿರುವ ಕಟ್ಟು ಎಲ್ಲಿಯದೆಂದು ಕೇಳಿದರೆ ಉತ್ತರ ಯಾವಾಗಲೂ "ವಸಯಿ". ವಸಯಿಯ ತೋಟಗಳಿಂದ ರೈಲಿನಲ್ಲಿ ತರಕಾರಿ ತರುವ ಹೆಂಗಸರು ನಿಜಕ್ಕೂ ಇದ್ದಾರೆ. ಆದರೆ ಊರಲ್ಲಿ ಮಾರುವ ಸೊಪ್ಪೆಲ್ಲ ವಸಯಿಯದಾಗಲು ವಸಯಿ ಎಷ್ಟು ದೊಡ್ಡದಿರಬೇಕು?

ಜೂನ್, ಮೊದಲ ಮಳೆ
ಆದಿವಾಸಿ ಹೆಂಗಸರು ಕಾಡಿನ ಸೊಪ್ಪು ತಂದು ಫುಟ್‌ಪಾತಿನಲ್ಲಿ ಹರಡಿದ್ದಾರೆ. ಟಾಕಳಾ ಅನ್ನುವುದು ನಮ್ಮ ಚಗಟೆ. ಕಂಟೋಲಿ ನಮ್ಮ ಮಡಹಾಗಲ. ಕೆಸುವಿನ ಎಲೆಯಂತೂ ಹೆಸರು ಬೇಡ, ದೂರದಿಂದಲೇ ಗುರುತು ಸಿಕ್ಕಿತು. ಗೊತ್ತಾಗದ್ದು ಶೇವಳಾ ಎಂಬ ಉದ್ದನೆಯ ಮೊಗ್ಗು. ಅದರ ಜೊತೆ ಕಾಕಡ ಎಂಬ ಪುಟ್ಟ ಹಸಿರು ಕಾಯಿಯನ್ನೂ ಮಾರುವವಳೇ ಎಣಿಸಿ ಕೊಟ್ಟಳು. ಬೇಡವೆಂದರೆ ಶೇವಳಾ ಕೊಡಲೂ ಒಪ್ಪಲಿಲ್ಲ. ಕಾಕಡ ಹಾಕದಿದ್ದರೆ ಗಂಟಲು ತುರಿಸುತ್ತದಂತೆ. ಅಡುಗೆಯ ಕ್ರಮವನ್ನೂ ಸೇರಿಸಿ ಮಾರುವ ಅಂಗಡಿ ನಾನು ಕಂಡದ್ದು ಇದೊಂದೇ. ಇಷ್ಟಾಗಿ ಬೆಲೆ, ಸೂಪರ್ ಮಾರ್ಕೆಟ್ಟಿನ ಬ್ರಾಕಲಿಗಿಂತ ಎಷ್ಟೋ ಕಡಿಮೆ. ಕಾಡಿಗೆ ಹೋಗಿ, ಹುಡುಕಿ, ಕಿತ್ತು, ರೈಲು ಹತ್ತಿ ಬಂದ ಶ್ರಮ ಆ ಬೆಲೆಯಲ್ಲಿ ಎಲ್ಲಿ ಅಡಗಿದೆ?

ಸರ್ಕಾರದ ತಟ್ಟೆ
1995ರಲ್ಲಿ ಬಂದ ಮಹಾರಾಷ್ಟ್ರ ಸರ್ಕಾರ ಒಂದು ರೂಪಾಯಿಗೆ ಝುಣಕಾ-ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಕೊಡಿಸಿತು. ಯೋಜನೆ ನಿಂತಿತು. ಆ ಸ್ಟಾಲುಗಳಲ್ಲಿ ಎಷ್ಟೋ ಕಡೆ ಆಮೇಲೆ ಬೇಯತೊಡಗಿದ್ದು ವಡೆ, ಸಮೋಸ. 2020ರ ಜನವರಿ 26ರಂದು ಹತ್ತು ರೂಪಾಯಿಯ ಶಿವಭೋಜನ ಥಾಲಿ ಶುರುವಾಯಿತು. ಎರಡು ಚಪಾತಿ, ಅನ್ನ, ಬೇಳೆ, ಜೊತೆಗೆ ನೂರು ಗ್ರಾಂ ಪಲ್ಯ. ಪಲ್ಯಕ್ಕೆ ಗ್ರಾಂ ಲೆಕ್ಕದ ಕಾನೂನು ಮಾಡಿದರೆ ಮಾತ್ರ ಅದು ಬಡವನ ತಟ್ಟೆಗೆ ಬರುತ್ತದೆಯೇ?

ಕತ್ತರಿಸಿದ ಗೋರಿಕಾಯಿ
ಸ್ಟೇಷನ್ನಿನ ಮೆಟ್ಟಿಲ ಬದಿಯಲ್ಲಿ ಒಬ್ಬ ಮಾವಶಿ (ಮರಾಠಿಯ ಚಿಕ್ಕಮ್ಮ) ಕೂರುತ್ತಾರೆ. ಮುಂದೆ ಪುಟ್ಟ ಪ್ಲಾಸ್ಟಿಕ್ ಚೀಲಗಳು: ನಾರು ತೆಗೆದು ಮುರಿದ ಗೋರಿಕಾಯಿ, ಬಿಡಿಸಿದ ಬಟಾಣಿ, ಸುಲಿದ ಬೆಳ್ಳುಳ್ಳಿ, ಮೊಳಕೆ ಬರಿಸಿದ ಮಡಿಕೆ ಕಾಳು. ಲೇಡೀಸ್ ಡಬ್ಬಿಯಲ್ಲಿ ಮಡಿಲ ಮೇಲೆ ಕಾಗದ ಹಾಸಿ ಬಟಾಣಿ ಬಿಡಿಸುವ ಸಹಪ್ರಯಾಣಿಕರನ್ನೂ ನೋಡಿದ್ದೇನೆ. ಕೂರಲು ಸೀಟು ಸಿಕ್ಕವರಿಗೆ ಆ ಉಪಾಯ. ನಿಂತು ಬರುವ ನಮ್ಮಂಥವರಿಗೆ ಮಾವಶಿಯ ಚೀಲ.

ಪಕ್ಕದ ಗಾಡಿಯಲ್ಲಿ ಇಡೀ ಗೋರಿಕಾಯಿಯ ಬೆಲೆ ಕೇಳಿ ಬಂದು ಲೆಕ್ಕ ಹಾಕಿದೆ. ಕಾಲು ಕಿಲೋಗೆ ವ್ಯತ್ಯಾಸ ಒಂದು ಕಟಿಂಗ್ ಚಹಾದ ಬೆಲೆಯಷ್ಟಿಲ್ಲ. ಅಷ್ಟನ್ನೇ ಬಿಡಿಸಲು ನನಗೆ ಅರ್ಧ ಗಂಟೆ ಹಿಡಿಯುತ್ತದೆ. ಕಚೇರಿ ನನ್ನ ಅರ್ಧ ಗಂಟೆಗೆ ಕೊಡುವ ಸಂಬಳವನ್ನು ಪಕ್ಕದಲ್ಲಿಟ್ಟು ನೋಡಿದಾಗ ಲೆಕ್ಕ ಮುಂದುವರಿಸಲು ಮನಸ್ಸಾಗಲಿಲ್ಲ. ಈ ಊರಿನಲ್ಲಿ ಹಸಿರು ತಿನ್ನಬೇಕಾದರೆ ಯಾರದ್ದಾದರೂ ಹೊತ್ತು ಖರ್ಚಾಗಲೇಬೇಕು. ನನಗೆ ಅಗ್ಗವಾಗಿ ಸಿಗುತ್ತಿರುವುದು ಗೋರಿಕಾಯಿಯಲ್ಲ, ಮಾವಶಿಯ ಹೊತ್ತು. ಇದು ಗೊತ್ತಾದ ಮೇಲೆ ಅವರ ಹತ್ತಿರ ಚೌಕಾಶಿ ಮಾಡುವುದನ್ನು ಬಿಟ್ಟಿದ್ದೇನೆ. ಆದರೆ ಚೀಲ ಕೊಳ್ಳುವುದನ್ನು ಬಿಟ್ಟಿಲ್ಲ.