ನಕ್ಷತ್ರ ಬಯಲಾಟ

ಕೊಟ್ಟೂರು, ಕೂಡ್ಲಿಗಿ ಸೀಮೆಯಲ್ಲಿ ರಾತ್ರಿಯಿಡೀ ಬೇರೊಬ್ಬನಾಗಿರುವುದು ಹೊಸ ಸಂಗತಿಯೇನಲ್ಲ. ಹಗಲೆಲ್ಲ ಶೇಂಗಾ ಹೊಲದಲ್ಲಿದ್ದವನು ರಾತ್ರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಟ್ಟ ಹತ್ತಿ ‘ಭಳಿರೇ ಸಾರಥಿ’ ಎಂದು ಗರ್ಜಿಸಿದನೆಂದರೆ ಬೆಳಗಿನ ತನಕ ಅವನು ದುರ್ಯೋಧನನೇ. ಇಂಥ ಸೀಮೆಯಲ್ಲಿ ಹುಟ್ಟಿದ ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಸಿತ್ ಯೋಧನಾಗಿ ಕೆಂಪು ಲೈಟ್‌ಸೇಬರ್ ಬೀಸಿದರೆ ಮಾತ್ರ ಮನೆಮಂದಿಗೆ ಚಿಂತೆ ಹತ್ತುತ್ತದೆ. “ಇಷ್ಟೊತ್ನಾಗ ಯಾರ ಸಂಗಾಟ ಜಗಳ ಆಡಾಕತ್ತೀಯಪ್ಪ?” ಎಂದು ಅವ್ವ ಒಳಗಿನಿಂದ ಕೇಳುತ್ತಾಳೆ. ಜಗಳಲ್ಲವ್ವ, ಯುದ್ಧ ಎಂದರೆ ಗಾಬರಿ ಇನ್ನಷ್ಟು.

ಆಟದ ಹೆಸರು ‘ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್’. 1977ರಲ್ಲಿ ಜಾರ್ಜ್ ಲ್ಯೂಕಾಸ್ ತೆರೆಗೆ ತಂದ ಕಥೆಗಿಂತ ಮೂರೂವರೆ ಸಾವಿರ ವರ್ಷ ಹಿಂದಿನ ಕಾಲ ಇದರದ್ದು. ಬಯೋವೇರ್ ಕಂಪನಿ 2011ರ ಡಿಸೆಂಬರ್ 20ರಂದು ಬಿಡುಗಡೆ ಮಾಡಿತು. ರಿಪಬ್ಲಿಕ್ ಒಂದು ಪಕ್ಷ, ಎಂಪೈರ್ ಇನ್ನೊಂದು. ಒಂದೊಂದರಲ್ಲಿ ನಾಲ್ಕು ವೇಷ. ದಾರಿಯಲ್ಲಿ ಸಿಕ್ಕ ಸಣ್ಣ ವ್ಯಾಪಾರಿ ಕೂಡ ಬಾಯಿಬಿಟ್ಟು ಮಾತಾಡುತ್ತಾನೆ. ಎರಡು ಲಕ್ಷಕ್ಕೂ ಮೀರಿದ ಸಾಲುಗಳನ್ನು ಧ್ವನಿಮುದ್ರಿಸಿ ಇದು ಗಿನ್ನೆಸ್ ದಾಖಲೆ ಸೇರಿದೆ. ಅಕ್ಷರ ಬಾರದೆಯೂ ಇಡೀ ಪ್ರಸಂಗವನ್ನು ನಾಲಿಗೆಯ ಮೇಲಿಟ್ಟುಕೊಂಡ ನಮ್ಮ ವೇಷಧಾರಿಗಳ ಲೆಕ್ಕವನ್ನು ಗಿನ್ನೆಸ್‌ನವರು ಯಾವಾಗ ತೆಗೆಯುತ್ತಾರೋ ನೋಡಬೇಕು.

ದೊಡ್ಡಾಟಕ್ಕೆ ಬಂದವರು ಕೊನೆಗೆ ಯಾರು ಗೆಲ್ಲುತ್ತಾರೆಂದು ಕೇಳುವುದಿಲ್ಲ. ಅದು ಹುಟ್ಟಿದಾಗಿನಿಂದ ಗೊತ್ತು. ಇಲ್ಲೂ ಹಾಗೇ. ಈ ಸಿತ್‌ಗಳ ವಂಶ ಮುಂದೊಂದು ದಿನ ನೆಲಕಚ್ಚುತ್ತದೆಂದು ಸಿನಿಮಾ ನೋಡಿದ ಎಲ್ಲರಿಗೂ ಗೊತ್ತಿದೆ. ಗೊತ್ತಿದ್ದೂ ಆ ಕಥೆಯೊಳಗೆ ಹೊಕ್ಕು ಒಂದು ಗದೆ ಹಿಡಿದು ನಾಲ್ಕು ಹೆಜ್ಜೆ ಕುಣಿಯಬೇಕು, ಆಸೆ ಅಷ್ಟೇ. ಅದಕ್ಕೆ ದುಡ್ಡು ಬಿಚ್ಚಲೂ ಜನ ತಯಾರು. ಊರಾಟದಲ್ಲಿ ವಂತಿಗೆ ಹಾಕಿ ಪಾತ್ರ ಕಟ್ಟುತ್ತಾರೆ, ಮಾಸ್ತರರಿಗೆ ಸಂಭಾವನೆ ಕೊಡುತ್ತಾರೆ, ಡ್ರೆಸ್ ಬಾಡಿಗೆಗೆ ತರುತ್ತಾರೆ. ಈ ಆಟ 2012ರ ನವೆಂಬರಿನಿಂದ ಪುಕ್ಕಟೆ. ಆದರೆ ಒಳ್ಳೆಯ ಗವುಸು, ಮುಖವಾಡ ಬೇಕೆಂದರೆ ಕಾರ್ಟೆಲ್ ಕಾಯಿನ್ ಕೊಳ್ಳಬೇಕು. ವೇಷಭೂಷಣದ ಅಂಗಡಿ ಗ್ಯಾಲಕ್ಸಿಯಲ್ಲೂ ನಷ್ಟದಲ್ಲಿಲ್ಲ.

ಸರ್ವರ್ ಮಾತ್ರ ದೂರ. ಅಮೆರಿಕದ ಸರ್ವರಿಗೆ ನನ್ನ ಏಟು ತಲುಪಿ ಮರಳಲು ಹೆಚ್ಚುಕಮ್ಮಿ ಕಾಲು ಸೆಕೆಂಡು ಬೇಕು. 2017ರಲ್ಲಿ ಹಲವು ಸರ್ವರ್‌ಗಳನ್ನು ಕೂಡಿಸಿ ಐದಕ್ಕಿಳಿಸಿದಾಗ ಹಳೆಯ ಆಟಗಾರರು ಊರು ಹೋಯಿತೆಂದು ಗೋಳಾಡಿದರಂತೆ. ಹರಪನಹಳ್ಳಿಯವರನ್ನು ಕೇಳಬೇಕಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಸೇರಿದವರು ಅವರು. ಯಾರೂ ಮನೆ ಬಿಟ್ಟು ಕದಲಿರಲಿಲ್ಲ.

ಸ್ಟಾರ್ ವಾರ್ಸ್ ಕಥೆಯಲ್ಲಿ ಬರುವ ಭವಿಷ್ಯವಾಣಿಯೂ ನಮಗೆ ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷವರ್ಷವೂ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಲೂ ಜನಸಾಗರ ಗಪ್‌ಚುಪ್. ಒಂದೇ ಸಾಲಿನ ಕಾರಣಿಕ ನುಡಿದು ಕೆಳಕ್ಕೆ ಧುಮುಕುತ್ತಾನೆ. ಅದು ಮಳೆಯ ಮಾತೋ ಸರ್ಕಾರದ ಮಾತೋ ಎಂದು ಎಚ್.ಬಿ. ಹಳ್ಳಿಯ ಚಹಾದಂಗಡಿಗಳಲ್ಲಿ ಆಮೇಲೆ ಬಿಡಿಸುತ್ತ ಕೂರುತ್ತಾರೆ. ಸಿತ್‌ಗಳ ಎದುರಾಳಿಗಳಾದ ಜೆಡಾಯ್ ಗುರುಗಳೂ ತಮ್ಮ ಕಾರಣಿಕವನ್ನು ನೆಟ್ಟಗೆ ಬಿಡಿಸಲಾರದೆಯೇ ಕೆಟ್ಟರು.

ನಾನಾಡುವ ಈ ಆಟಕ್ಕೂ ಮೊದಲು ಇದೇ ಲೋಕದ ಇನ್ನೊಂದು ಆಟವಿತ್ತು, ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’, 2003ರದ್ದು. ಅದರಲ್ಲಿ ಜೆಡಾಯ್ ಆಗುವುದು ಮಹಾ ಕಷ್ಟ. ಹೆಚ್ಚಿನವರು ದರ್ಜಿ, ಅಡುಗೆಯವ, ಮನೆ ಕಟ್ಟುವವ ಆಗಿಯೇ ಸುಖವಾಗಿದ್ದರು. ಕೆಲವರು ಹೆಂಡದಂಗಡಿಯಲ್ಲಿ ಬರೀ ಕುಣಿಯುತ್ತಿದ್ದರು, ವಾದ್ಯ ನುಡಿಸುತ್ತಿದ್ದರು. ಯುದ್ಧದಿಂದ ಬಳಲಿ ಬಂದವರು ಅವರೆದುರು ಕೂತರೇನೇ ದಣಿವು ಇಳಿಯುತ್ತಿತ್ತು. ಹಿಮ್ಮೇಳಕ್ಕೆ ಇಷ್ಟು ಮರ್ಯಾದೆ ಕೊಟ್ಟ ವಿಡಿಯೋ ಗೇಮ್ ನನಗೆ ಇನ್ನೊಂದು ಗೊತ್ತಿಲ್ಲ. 2005ರಲ್ಲಿ ಕಂಪನಿಯವರು ನಿಯಮ ಬದಲಿಸಿ, ಬೇಕಾದವರು ಮೊದಲ ದಿನವೇ ಜೆಡಾಯ್ ಆಗಿ ಎಂದುಬಿಟ್ಟರು. ಹಳಬರು ಸಿಟ್ಟಾಗಿ ಗುಂಪುಗುಂಪಾಗಿ ಬಿಟ್ಟುಹೋದರು. ಹೊಸ ಆಟ ಬರುವ ಐದು ದಿನ ಮೊದಲು, 2011ರ ಡಿಸೆಂಬರ್ 15ಕ್ಕೆ, ಆ ಅಟ್ಟ ಬಿಚ್ಚಿದರು. ಅದನ್ನು ಮುಚ್ಚಿದ್ದು ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಈಗಿನ ಆಟದಲ್ಲಿ ಎಲ್ಲರೂ ನಾಯಕರೇ. ಎದುರಿಗೆ ಬಂದವನೂ ಗ್ಯಾಲಕ್ಸಿಯನ್ನು ಉಳಿಸಿದವನು, ಹಿಂದೆ ನಿಂತವನೂ ಉಳಿಸಿದವನೇ. ಫಜೀತಿ ಶುರುವಾಗುವುದು ನಾಲ್ಕು ಜನ ಕೂಡಿ ಫ್ಲ್ಯಾಶ್‌ಪಾಯಿಂಟ್ ಎಂಬ ತಂಡದ ಕಾಳಗಕ್ಕೆ ಹೊರಟಾಗ. ಏಟು ಕೊಡಲು ಇಬ್ಬರು, ಏಟು ತಿನ್ನಲು ಒಬ್ಬ ಟ್ಯಾಂಕ್, ಗಾಯ ಮಾಯಿಸಲು ಒಬ್ಬ ಹೀಲರ್ ಬೇಕು. ಏಟು ಕೊಡುವವರ ಸಾಲು ಕೊಟ್ಟೂರೇಶ್ವರನ ತೇರಿನ ಹಗ್ಗದಷ್ಟು ಉದ್ದ. ಹೀಲರ್ ಮಾತ್ರ ಸಿಗುವುದಿಲ್ಲ. ಊರಾಟದ ಮಾಸ್ತರರ ಪಾಡೂ ಇದೇ. ದುರ್ಯೋಧನನ ಪಾತ್ರಕ್ಕೆ ಪೈಪೋಟಿ, ಸಾರಥಿಯಾಗೆಂದರೆ ಮುಖ ತಿರುಗಿಸುತ್ತಾರೆ. ಅಟ್ಟ ಹತ್ತಿದ ವೇಷಗಳನ್ನೆಲ್ಲ ‘ತಾವು ಧಾರು?’ ಎಂದು ಮಾತಿಗೆಳೆದು, ನಗಿಸಿ, ಮಾತು ಮರೆತವನನ್ನು ದಡ ಸೇರಿಸಿ ಬೆಳಗು ಮಾಡುವವನು ಅವನು. ಒಳ್ಳೆಯ ಸಾರಥಿಯಿಲ್ಲದ ಆಟ ನಡುರಾತ್ರಿಗೇ ಸಪ್ಪಗಾಗುತ್ತದೆ, ಜನ ಚಾಪೆ ಸುತ್ತಿಕೊಂಡು ಏಳುತ್ತಾರೆ.

ಆದಕಾರಣ ಓದುಗರಲ್ಲಿ ಒಂದು ಅರಿಕೆ. ನಮ್ಮದು ಮೂರು ಜನರ ತಂಡ, ಮೂವರೂ ಬಡಿಯುವವರೇ. ನಮ್ಮ ಈ ಸೀಮೆಯಲ್ಲಿ ಹೀಲರ್ ಆಗಲು ಒಪ್ಪುವ ಪುಣ್ಯಾತ್ಮರು ಯಾರಾದರೂ ಇದ್ದರೆ ಬನ್ನಿ. ವಂತಿಗೆಯಿಲ್ಲ. ಕರೆಂಟ್ ಇದ್ದರೆ ರಾತ್ರಿ ಹತ್ತರ ಮೇಲೆ ಅಲ್ಲೇ ಇರುತ್ತೇವೆ.