ಬೇಲಿ ತಂತಿಯ ಫ್ಯೂಸು

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಾಡಲು ಶುರುವಾದ ಮೇಲೆ, ಇಡಗುಂಜಿ ಸಮೀಪದ ನಮ್ಮ ಅಜ್ಜನಮನೆಯ ಚೌತಿಯನ್ನು ಮುಂಬೈಯವರು ತಪ್ಪಿಸಿದ್ದಿಲ್ಲ. ಹೊನ್ನಾವರದಲ್ಲಿ ಇಳಿಯುವಾಗ ಅವರ ಚೀಲದಲ್ಲಿ ಫರಸಾಣಿನ ಜೊತೆ ಕರೆಂಟಿನ ಹೊಸ ಸಾಮಾನೊಂದು ಇದ್ದೇ ಇರುತ್ತಿತ್ತು. ಒಂದು ವರ್ಷ ಬಂದದ್ದು ನೀರು ಕಾಯಿಸುವ ಕೆಟಲ್.

ಅಜ್ಜ ವೈರಿಂಗ್ ಮಾಡಿಸಿದ ಕಾಲಕ್ಕೆ ಕರೆಂಟೆಂದರೆ ನಾಲ್ಕು ಬಲ್ಬು, ಒಂದು ರೇಡಿಯೋ. ಗೋಡೆಗೆ ಮರದ ರೀಪು ಹೊಡೆದು ಸಪೂರ ವೈರು ಎಳೆದಿದ್ದರು. ಜಗಲಿಗೆ ಒಂದೇ ಪ್ಲಗ್ಗು. ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟಿನ ಕೇಂದ್ರವನ್ನೇ ಇಟ್ಟುಕೊಂಡ ತಾಲೂಕು ನಮ್ಮದು. ಆದರೂ ಮಳೆಗಾಲದಲ್ಲಿ ಕರೆಂಟು ಬಂದರೆ ಬಂತು. ಹಾಗಾಗಿ ಬಂದ ಹೊತ್ತಿಗೆ ಎಲ್ಲರೂ ಎಲ್ಲವನ್ನೂ ಒಟ್ಟಿಗೇ ಚುಚ್ಚುವ ರೂಢಿ. ಚೌತಿಯ ಬೆಳಿಗ್ಗೆಯೂ ಅದೇ ಆಯಿತು. ಆ ಒಂದು ಪ್ಲಗ್ಗಿಗೆ ಎಕ್ಸ್‌ಟೆನ್ಶನ್ ಬೋರ್ಡು, ಬೋರ್ಡಿಗೆ ಮಂಟಪದ ಸೀರಿಯಲ್ ಸೆಟ್ಟು, ಟೇಬಲ್ ಫ್ಯಾನು, ಇಸ್ತ್ರಿಪೆಟ್ಟಿಗೆ, ಕಡೆಗೆ ಆ ಕೆಟಲ್.

"ಎಂತದೋ ಕರಟಿದ ವಾಸನೆ ಬತ್ತಾ ಇದ್ದು" ಎಂದವಳು ಅಜ್ಜಿ. ಪಾಯಸ ತಳ ಹಿಡಿಯಿತೆಂದು ಹೆಂಗಸರು ಒಳಗೋಡಿದರು. ಅಷ್ಟರಲ್ಲಿ ಪ್ಲಗ್ಗಿನ ಹಿಂದಿನಿಂದ ಚಟಚಟ ಸದ್ದು, ನೀಲಿ ಕಿಡಿ, ರೀಪಿನುದ್ದಕ್ಕೂ ಹೊಗೆ. ಮೇಲೆ ಅಟ್ಟದಲ್ಲಿ ಒಣಗಿದ ಸೋಗೆ, ತೆಂಗಿನ ಸಿಪ್ಪೆ. ಯಾರೋ ಕೊಡದಲ್ಲಿ ನೀರು ತಂದರು. "ನೀರು ಬೇಡ, ಮೇನು ಇಳಿಸಿ!" ಎಂದು ಕೂಗುತ್ತ, ಫಲಾವಳಿ ಕಟ್ಟುತ್ತಿದ್ದ ಭಾವ ಏಣಿಯಿಂದ ಹಾರಿ ಮೇನ್ ಸ್ವಿಚ್ಚು ಇಳಿಸಿದ. ಕಿಡಿ ನಿಂತಿತು. ರೀಪು ಮಾತ್ರ ಮತ್ತೂ ಹೊಗೆಯಾಡುತ್ತಿತ್ತು. ಅದಕ್ಕೆ ಒದ್ದೆ ಗೋಣಿ ಒತ್ತಿದರು.

ಹಬ್ಬ ಕಳೆದು ವೈರಿಂಗಿನವನು ಬಂದ. ಬಿಚ್ಚಿದ ಪ್ಲಗ್ಗನ್ನು ಅಂಗೈಯಲ್ಲಿಟ್ಟು ತೋರಿಸಿದ: ಹಿತ್ತಾಳೆಯ ಹಿಡಿಕೆಗಳು ಸಡಿಲಾಗಿ, ಕಡಲ ಗಾಳಿಗೆ ಹಸಿರು ಕಿಲುಬು ಕಟ್ಟಿ, ಒಂದು ಬದಿ ಕರಗಿ ಕಪ್ಪಾಗಿತ್ತು. ಕೆಟಲ್ 1500 ವ್ಯಾಟು, ಇಸ್ತ್ರಿ 1000. 230 ವೋಲ್ಟಿನಲ್ಲಿ ಇವೆರಡೇ ಸುಮಾರು 11 ಆಂಪು ಎಳೆಯುತ್ತವೆ. ಪ್ಲಗ್ಗು ತಾಳುವುದು 6. ಬೋರ್ಡಿನಲ್ಲಿ ತೂತು ಎಷ್ಟೇ ಇರಲಿ, ಹಿಂದಿನ ವೈರು ಅದೇ ಒಂದು. ಅದರಲ್ಲಿ ಹರಿಯುವ ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

"ಹಾಗಾದ್ರೆ ಫ್ಯೂಸು ಯಾಕೆ ಹೋಗ್ಲಿಲ್ಲ?" ದೊಡ್ಡಪ್ಪ ಪಟ್ಟು ಬಿಡಲಿಲ್ಲ.

ಅವನು ಪಿಂಗಾಣಿ ಫ್ಯೂಸು ಕಿತ್ತು ತಂದ. "ಇದು ಫ್ಯೂಸಲ್ಲ ಭಟ್ರೇ, ಬೇಲಿ ತಂತಿ."

ಪದೇ ಪದೇ ಫ್ಯೂಸು ಹೋಗುತ್ತದೆಂದು ಹಿಂದಿನ ಮಳೆಗಾಲದಲ್ಲಿ ದಪ್ಪ ತಂತಿ ಸುತ್ತಿದ್ದು ಸ್ವತಃ ದೊಡ್ಡಪ್ಪನೇ. ಕರಗಿ ಹೋಗಬೇಕಾದ್ದನ್ನು ಕರಗದ ಹಾಗೆ ಮಾಡಿಟ್ಟರೆ ಮುಂದೆ ಸುಡುವುದು ಗೋಡೆಯ ವೈರು. ಆ ದಿನವಿಡೀ ಅವರು ಹೆಚ್ಚು ಮಾತಾಡಲಿಲ್ಲ. ಅಜ್ಜಿಗೆ ಅದೂ ಒಂದು ಲಾಭವೇ.

ಹೊಸ ವೈರಿಂಗಾಯಿತು. ಅಡಿಗೆಮನೆಗೆ ದಪ್ಪ ವೈರಿನ ಪ್ರತ್ಯೇಕ 16 ಆಂಪಿನ ಪ್ಲಗ್ಗು, ಜಗಲಿಗೆ 6 ಆಂಪಿನ ಎಂಸಿಬಿ. ಖರ್ಚಿಗೆ ಗೊಣಗಿದ ದೊಡ್ಡಪ್ಪ ಮರುವರ್ಷದ ಚೌತಿಗೆ ಎಂಸಿಬಿಯ ಕಾವಲಿಗೇ ನಿಂತರು. ಮುಂಬೈ ಅತ್ತಿಗೆ ಅಭ್ಯಾಸಬಲದಿಂದ ಜಗಲಿಯಲ್ಲೇ ಕೆಟಲ್ಲೂ ಇಸ್ತ್ರಿಯೂ ಹಾಕಿದರು; ಸ್ವಲ್ಪ ಹೊತ್ತಿಗೆ ಟಪ್ಪೆಂದು ಬಿತ್ತು. ಭಾವ ಎತ್ತಲು ಹೋದರೆ ದೊಡ್ಡಪ್ಪ ತಡೆದರು: "ಮೊದಲು ಕೆಟಲ್ ತೆಗಿ. ಅದನ್ನ ಅಡಿಗೆಮನೆಗೆ ತಗೊಂಡು ಹೋಗು."