ಮಲ್ಲಿಗೆ ಲೆಕ್ಕದ ಗ್ರಾಫಿಕ್ಸ್ ಕಾರ್ಡು

2025ರ ಆಗಸ್ಟಿನ ಒಂದು ಭಾನುವಾರ. ಧೋ ಅಂತ ಮಳೆ. ಕಲ್ಯಾಣಪುರದ ಅತ್ತೆ ಮನೆಗೆ ಹೋದವನು ಇನ್ನೂ ಕೊಡೆ ಮಡಚಿರಲಿಲ್ಲ, ಅತ್ತೆ ಮಗ ಮೊಬೈಲು ಮುಖಕ್ಕೆ ಹಿಡಿದ.

"ಅಣ್ಣಾ, 4050 ಸಾಕಾ, 4060 ಬೇಕಾ?"

"ಎಂತ ಅದು, ಬಸ್ಸಿನ ನಂಬ್ರವಾ?" ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ಕೇಳಿದರು.

ಹುಡುಗನಿಗೆ ಮೆಕ್ಯಾನಿಕಲ್ ಸೀಟು ಸಿಕ್ಕಿ ವಾರ ಆಗಿತ್ತಷ್ಟೆ. ಡಿಸೈನ್ ಸಾಫ್ಟ್‌ವೇರಿಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕು ಅಂತ ಯಾರೋ ತಲೆಗೆ ತುಂಬಿದ್ದಾರೆ. ಅವನು ನೋಡಿಟ್ಟ ಎರಡು ಲ್ಯಾಪ್‌ಟಾಪುಗಳ ನಡುವೆ 25 ಸಾವಿರ ರೂಪಾಯಿ ವ್ಯತ್ಯಾಸ. ದುಡ್ಡು ಬರಬೇಕಾದದ್ದು ಹಿತ್ತಲಿನ ಮಲ್ಲಿಗೆ ಗಿಡಗಳಿಂದ. ನಮ್ಮ ಕಡೆಯವರಿಗೆ ಗೊತ್ತು, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ 500 ರೂಪಾಯಿ ಅಂತ ಇಟ್ಟುಕೊಂಡರೂ 25 ಸಾವಿರ ಅಂದರೆ 50 ಅಟ್ಟೆ. ಒಂದು ಲಕ್ಷ ಅರವತ್ತು ಸಾವಿರ ಮೊಗ್ಗು! ಗೊಬ್ಬರ, ಔಷಧಿಯ ಖರ್ಚು ಬೇರೆ.

ನಾನು ಸುಮ್ಮನೆ "4060 ತಗೋ" ಅಂದುಬಿಡಬಹುದಿತ್ತು. ಅನ್ನಲಿಕ್ಕೆ ಬಾಯಿ ಬರಲಿಲ್ಲ. ಯಾಕೆಂದರೆ 2015ರಲ್ಲಿ ಇದೇ ಡೈಲಾಗು ನಾನು ಅಪ್ಪನಿಗೆ ಹೊಡೆದಿದ್ದೆ. "ಡ್ರಾಯಿಂಗಿಗೆ ಬೇಕಪ್ಪಾ." ಅಪ್ಪ ಮಾತಾಡದೆ ಕೊಡಿಸಿದರು. ವಿಟಿಯು ಮೊದಲ ವರ್ಷದ ಸಿಎಇಡಿ ಅಂದರೆ ಕಾಲೇಜು ಲ್ಯಾಬಿನ ಮುದಿ ಕಂಪ್ಯೂಟರುಗಳಲ್ಲಿ ಸಾಲಿಡ್ ಎಡ್ಜ್ ತೆರೆದು, ಹೆಚ್‌ಪಿಗೆ ಇಷ್ಟು ಡಿಗ್ರಿ, ವಿಪಿಗೆ ಅಷ್ಟು ಡಿಗ್ರಿ ಓರೆಯಾದ ಗೆರೆ ಎಳೆಯುವುದು. ಅದಕ್ಕೆ ಕಾರ್ಡೂ ಬೇಡ, ಗೀರ್ಡೂ ಬೇಡ. ನನ್ನ ಲ್ಯಾಪ್‌ಟಾಪಿನ ಕಾರ್ಡು ಕಂಡದ್ದು ಹಾಸ್ಟೆಲಿನ ಕೌಂಟರ್ ಸ್ಟ್ರೈಕ್ ಮಾತ್ರ...

ಸರಿ, ಪರೀಕ್ಷೆ ಮಾಡಿಯೇ ಹೇಳುವಾ ಅಂತ ಮುಂದಿನ ವಾರ ಅದೇ ಹಳೆ ಲ್ಯಾಪ್‌ಟಾಪು ಹೊತ್ತುಕೊಂಡು ಹೋದೆ. ವಿದ್ಯಾರ್ಥಿಗಳಿಗೆ ಪುಕ್ಕಟೆ ಸಿಗುವ ಸಾಲಿಡ್ ಎಡ್ಜ್ ಹಾಕಿದೆವು. ಒಂದು ಬೆಂಚ್ ವೈಸಿನ ಅಸೆಂಬ್ಲಿ ತೆರೆದು ಗರಗರ ತಿರುಗಿಸಿದ. ನೀರು ಕುಡಿದಷ್ಟು ಸಲೀಸು. ಟಾಸ್ಕ್ ಮ್ಯಾನೇಜರ್ ನೋಡಿದರೆ ಎನ್‌ವಿಡಿಯಾ ಕಾರ್ಡು 0%! ಪ್ರೊಸೆಸರಿನೊಳಗಿನ ಇಂಟೆಲ್ ಗ್ರಾಫಿಕ್ಸೇ ಎಲ್ಲ ಕೆಲಸ ಮಾಡುತ್ತಿತ್ತು. ಎರಡೆರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪುಗಳಲ್ಲಿ ಇದು ಮಾಮೂಲು. ಡಿಸ್‌ಪ್ಲೇ ಸೆಟ್ಟಿಂಗಿನ ಗ್ರಾಫಿಕ್ಸ್ ಪುಟಕ್ಕೆ ಹೋಗಿ, ಆ ಸಾಫ್ಟ್‌ವೇರಿಗೆ 'ಹೈ ಪರ್ಫಾರ್ಮೆನ್ಸ್' ಅಂತ ನಾವೇ ಹೇಳಬೇಕು. ಇಲ್ಲದಿದ್ದರೆ ದುಡ್ಡು ಕೊಟ್ಟ ಕಾರ್ಡು ಆರಾಮಾಗಿ ಮಲಗಿರುತ್ತದೆ.

ಆಮೇಲೆ ಒಂದು ತಗಡಿಗೆ ಸಾವಿರ ತೂತು ಕೊರೆದು, ತಗಡಿನ ಅಳತೆ ಬದಲಿಸಿದೆವು. ಈಗ ಕರ್ಸರು ಸುತ್ತತೊಡಗಿತು. ಕಾರ್ಡಿಗೆ ಕೆಲಸವೇ ಇಲ್ಲ. ಪ್ರೊಸೆಸರು? ಅದೂ 13%ರ ಹತ್ತಿರ ನಿಂತುಬಿಟ್ಟಿತು. ಎಂಟು ಥ್ರೆಡ್ಡಿನಲ್ಲಿ ಒಂದೇ ಒಂದು ದುಡಿದರೆ ಅಷ್ಟೇ ಬರುವುದು.

"ಉಳಿದ ಏಳು ಯಾಕೆ ಕೂತಿವೆ?" ಅಂತ ಅವನು. ಫೀಚರ್ ಟ್ರೀ, ಒಂದರ ಮೇಲೆ ಒಂದು ಅವಲಂಬನೆ ಅಂತೆಲ್ಲ ವಿವರಿಸಲು ಹೊರಟೆ. ಅತ್ತೆ ತಲೆ ಎತ್ತದೆ ಹೇಳಿದರು, "ಕೊಯ್ಯಲಿಕ್ಕೆ ಹತ್ತು ಜನ ಬಂದರೂ ಆಗ್ತದೆ ಮಾರಾಯ, ಒಂದು ದಾರ ಕಟ್ಟಲಿಕ್ಕೆ ಒಬ್ಬರೇ." ಇಡೀ ಆರ್ಕಿಟೆಕ್ಚರ್ ಪಾಠ ಅಲ್ಲಿಗೆ ಮುಗಿಯಿತು! ಗ್ರಾಫಿಕ್ಸ್ ಕಾರ್ಡು ಹೂ ಕೊಯ್ಯುವ ಸಾವಿರಾರು ಕೈಗಳು. ಪರದೆಯ ಲಕ್ಷಗಟ್ಟಲೆ ಚುಕ್ಕಿಗೆ ಒಮ್ಮೆಲೇ ಬಣ್ಣ ಹಚ್ಚಲು, ರೆಂಡರಿಂಗಿಗೆ ಅದು ಬೇಕು. ಮಾಡೆಲ್ ರೀಬಿಲ್ಡ್ ಬಹುಪಾಲು ದಾರ ಕಟ್ಟುವ ಕೆಲಸ, ಅದಕ್ಕೆ ಬೇಕಾದ್ದು ಒಂದು ಚುರುಕು ಕೋರ್. ಅಸೆಂಬ್ಲಿ ದೊಡ್ಡದಾದರೆ ರ್‍ಯಾಮ್ ಬೇಕು.

ಇನ್ನೊಂದು ವಿಷಯ, ಅಂಗಡಿಯಲ್ಲಿ ಕೇಳದೆ ಯಾರೂ ಹೇಳುವುದಿಲ್ಲ. ಲ್ಯಾಪ್‌ಟಾಪಿನ 4060 ಅಂದರೆ ಒಂದೇ ಅಲ್ಲ. 35 ವ್ಯಾಟಿನಿಂದ 115 ವ್ಯಾಟಿನವರೆಗೆ ಯಾವುದೂ ಇರಬಹುದು, ತಯಾರಕರು ಎಷ್ಟು ಕರೆಂಟು ಬಿಟ್ಟಿದ್ದಾರೋ ಅಷ್ಟು. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಉಸಿರು ಕಟ್ಟಿದ 4060ಗಿಂತ, ಹೊಟ್ಟೆ ತುಂಬಾ ಉಣ್ಣುವ 4050 ವಾಸಿ ಅನ್ನಿಸಬಹುದು. ಹೆಸರಿಗಿಂತ ವ್ಯಾಟು ಕೇಳಿ.

ಮತ್ತೆ 'ಪ್ರೊಫೆಶನಲ್' ಕಾರ್ಡುಗಳು, ಹಿಂದೆ ಕ್ವಾಡ್ರೊ ಅಂತಿದ್ದವು. ಚಿಪ್ಪು ಹೆಚ್ಚುಕಡಿಮೆ ಗೇಮಿಂಗಿನದ್ದೇ. ಹೆಚ್ಚಿಗೆ ದುಡ್ಡು ಡ್ರೈವರಿಗೆ, ಸಾಫ್ಟ್‌ವೇರಿನವರು ಪರೀಕ್ಷಿಸಿ ಕೊಡುವ ಸರ್ಟಿಫಿಕೇಟಿಗೆ. ಸಾಲಿಡ್‌ವರ್ಕ್ಸಿನವರ ಪಟ್ಟಿಯಲ್ಲಿ ಗೇಮಿಂಗಿನ ಜಿಫೋರ್ಸ್ ಇರುವುದಿಲ್ಲ. ಅದರಲ್ಲೇ ಹೊಟ್ಟೆ ಹೊರೆಯುವವರಿಗೆ ಅದು ಬೇಕು, ಮೊದಲ ವರ್ಷದ ಹುಡುಗನಿಗೆ ಖಂಡಿತಾ ಬೇಡ.

ಕೊನೆಗೆ ತಗೊಂಡದ್ದು 6 ಜಿಬಿಯ 4050, ಒಳ್ಳೆ ಪ್ರೊಸೆಸರು, 16 ಜಿಬಿ ರ್‍ಯಾಮು, ಇನ್ನೊಂದು ಸ್ಲಾಟು ಖಾಲಿ. ಜೊತೆಗೆ ಚಕ್ರದ ಮೌಸು (ಟಚ್‌ಪ್ಯಾಡಿನಲ್ಲಿ ಮಾಡೆಲ್ ತಿರುಗಿಸಿ ನೋಡಿ, ಬೆರಳು ತಿರುಚುತ್ತದೆ). "ಮೂರನೇ ವರ್ಷಕ್ಕೆ ಅನಾಲಿಸಿಸ್ ಬಂದಾಗ ರ್‍ಯಾಮ್ ಹಾಕಿಸು, ಅಷ್ಟರಲ್ಲಿ ಅಗ್ಗ ಆಗಿರ್ತದೆ" ಅಂತ ನಾನು ದೊಡ್ಡ ಜ್ಞಾನಿಯ ಹಾಗೆ ಹೇಳಿದೆ.

ಆಗಿದ್ದೇ ಬೇರೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳು ಮೆಮರಿ ಚಿಪ್ಪುಗಳನ್ನೆಲ್ಲ ನುಂಗತೊಡಗಿ ರ್‍ಯಾಮಿನ ಬೆಲೆ ಗಗನಕ್ಕೇರಿತು. ಹುಡುಗ ಫೋನು ಮಾಡಿ ರೇಟು ಓದಿ ಹೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನಿಂದ ಅತ್ತೆ ಸ್ವರ ಕೇಳಿತು, "ಎಂತ, ಅದಕ್ಕೂ ಮದುವೆ ಸೀಸನ್ನಾ?"

ರ್‍ಯಾಮ್ ನಾನೇ ಕೊಡಿಸುತ್ತೇನೆ ಅಂದಿದ್ದೇನೆ, ಎಷ್ಟಾದರೂ ಸರಿ. ಅಪ್ಪನ ಲ್ಯಾಪ್‌ಟಾಪಿನ ಲೆಕ್ಕ ಬೇರೆಯೇ ಬಾಕಿ ಇದೆ.